ಟಯರಿನೊಳಗೆ ಆಡಿಸಿದ ಕೈ

ಪಂಕ್ಚರ್ ಹಾಕುವವರಿಗೆಲ್ಲ ಗೊತ್ತಿರುವ ಒಂದು ಕ್ರಮ ಇದೆ. ಟ್ಯೂಬಿಗೆ ಪ್ಯಾಚ್ ಹಾಕಿ ಆದಮೇಲೆ ಅದನ್ನು ಹಾಗೇ ತುರುಕಿ ಗಾಳಿ ಹೊಡೆಯುವುದಲ್ಲ. ಮೊದಲು ಟಯರಿನ ಒಳಗೆ ಸುತ್ತ ಒಮ್ಮೆ ಕೈ ಆಡಿಸಬೇಕು. ಮುಳ್ಳೋ ಮೊಳೆಯೋ ಅಲ್ಲೇ ಕೂತಿದ್ದರೆ ಬೆರಳಿಗೆ ಸಿಗುತ್ತದೆ. ಇದಕ್ಕೆ ಯಾವ ಮಿಷನ್ನೂ ಇಲ್ಲ, ಕೈಯೇ ಆಗಬೇಕು. ನನ್ನ ಕೈ ಆ ಕೆಲಸಕ್ಕೆ ಬಾರದೆ ಹೋದದ್ದು ಯಾವಾಗಿನಿಂದ ಎಂದು ನನಗೇ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಇನ್ನೊಬ್ಬರ ಕೈ ಮುರಿದಾಗಿತ್ತು.

ನನಗೆ ಬಂದದ್ದು ಕುಷ್ಠ. ನಮ್ಮ ಕಡೆ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ದೊಡ್ಡ ರೋಗ' ಅನ್ನುತ್ತಾರೆ, ಅದನ್ನೂ ಸ್ವರ ತಗ್ಗಿಸಿ. ಈಗ ಗುಣವಾಗಿದೆ, ನನ್ನಿಂದ ಯಾರಿಗೂ ಏನೂ ಬರುವುದಿಲ್ಲ. ಇದೇ ರೋಗವನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡು ಕೂತವರು ಎಲ್ಲಾದರೂ ಇದ್ದರೆ ಅವರಿಗೆ ಸ್ವಲ್ಪ ಧೈರ್ಯವಾಗಲಿ ಎಂದು ಬರೆಯುತ್ತಿದ್ದೇನೆ. ಅಷ್ಟಕ್ಕೇ ಅಂದರೆ ಸುಳ್ಳಾಗುತ್ತದೆ. ಆ ಮುರಿದ ಕೈ ಬಾಬಣ್ಣನದು, ಅದನ್ನು ಕಂಡಾಗಲೆಲ್ಲ ಆಗುವ ಸಂಕಟಕ್ಕೆ ಮದ್ದು ಕೊಡುವ ಡಾಕ್ಟ್ರು ಇನ್ನೂ ಸಿಕ್ಕಿಲ್ಲ, ಅದಕ್ಕೂ ಬರೆಯುತ್ತಿದ್ದೇನೆ.

ನನ್ನದು ತಲ್ಲೂರಿನಲ್ಲಿ, ಹೆದ್ದಾರಿಯ ಬದಿಗೆ, ಬೈಕಿನ ಟಯರ್ ಮತ್ತು ಪಂಕ್ಚರಿನ ಅಂಗಡಿ. ಹಿಂದೆಯೇ ಮನೆ. ಊರಿನವರು ನನಗೆ ಇಟ್ಟ ಹೆಸರು 'ಟಯರ್ ಮಾಷ್ಟ್ರು'. ಹೆಸರು ಸುಮ್ಮನೆ ಬಂದದ್ದಲ್ಲ. ಸವೆದ ಟಯರ್ ಹಾಕಿಕೊಂಡು ಯಾರು ಬಂದರೂ ನನ್ನ ಬಾಯಿ ತಡೆಯುತ್ತಿರಲಿಲ್ಲ. "ಹ್ವಾಯ್, ಇದ್ ಟಯರಾ, ನಿಮ್ ಅಜ್ಜನ ಮಂಡೆಯಾ? ಒಂದ್ ಕೂದ್ಲಿಲ್ಲೆ! ಹೆಂಡ್ತಿ ಮಕ್ಳನ್ ಹಿಂದ್ ಕೂಸ್ಕಂಡ್ ಹೋಪ್ದ್ ಇದ್ರಗಾ?" ಎಂದು ನಾಲ್ಕು ಜನರ ಎದುರೇ ಕೇಳುತ್ತಿದ್ದೆ. ಗಾಳಿ ಕಡಿಮೆ ಇಟ್ಟರೆ ಟಯರಿನ ಎರಡು ಬದಿ ಸವೆಯುತ್ತದೆ, ಜಾಸ್ತಿ ಹೊಡೆದರೆ ನಡು ಸವೆಯುತ್ತದೆ, ಬದಿಯಲ್ಲಿ ಬಿರುಕು ಕಂಡರೆ ಮೇಲಿನ ಗೀರು ಎಷ್ಟು ಆಳ ಉಳಿದಿದ್ದರೂ ಆ ಟಯರ್ ಬೇಡ, ಗಾಳಿ ನೋಡುವುದಿದ್ದರೆ ಬೆಳಿಗ್ಗೆ ಓಡಿಸುವ ಮೊದಲೇ ನೋಡಿ. ಹೀಗೆ ಪಾಠ. ಕೇಳುವವರಿಗೆ ತಲೆಬಿಸಿ, ನನಗೆ ಖುಷಿ.

ಬಾಬಣ್ಣ ನನ್ನ ಅತಿ ದಡ್ಡ ವಿದ್ಯಾರ್ಥಿ. ಹೆಮ್ಮಾಡಿಯವರು, ಮೀನಿನ ವ್ಯಾಪಾರ. ಬೆಳಗಾದರೆ ಗಂಗೊಳ್ಳಿಯ ಬಂದರಿಗೆ ಹೋಗಿ, ಹಳೇ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು, ಬಂಗುಡೆ ಬೂತಾಯಿ ತುಂಬಿಸಿಕೊಂಡು ಹಟ್ಟಿಯಂಗಡಿಯ ಕಡೆಗೆ ಹಾರ್ನ್ ಬಾರಿಸುತ್ತ ಹೋಗುವವರು. ಐಸಿನ ಉಪ್ಪುನೀರು ಸೋರಿ ಸೋರಿ ಹಿಂದಿನ ರಿಮ್ಮಿಗೆ ತುಕ್ಕು ಹಿಡಿದಿತ್ತು, ಟಯರಂತೂ ಬೋಳು. ಹೇಳಿದರೆ, "ಈ ಮಳಿಗಾಲ ಒಂದ್ ಹೋಯ್ಲಿ ಚಂದ್ರಣ್ಣ" ಅನ್ನುತ್ತಿದ್ದರು. ಮಳೆಗಾಲದಲ್ಲಿ ಕೇಳಿದರೆ, "ದೀಪಾವಳಿಗ್ ಹಾಕುವ". ಅವರ ನಗು ಕಂಡರೆ ಬೈಯುವ ಹುರುಪೂ ಅರ್ಧ ಇಳಿಯುತ್ತಿತ್ತು.

ಆ ವರ್ಷ ಮಳೆ ಶುರುವಾದ ಹೊಸತರಲ್ಲಿ ಅವರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟ್ಯೂಬ್ ತೆಗೆದೆ, ತೂತು ಹುಡುಕಿದೆ, ಬಿಸಿ ಪ್ಯಾಚ್ ಹಾಕಿದೆ. ಆಗೆಲ್ಲ ನನ್ನ ಕೈ ಎಂದರೆ ಊರಿಗೆ ಸೋಜಿಗ. ಬಿಸಿ ಪ್ಲೇಟಿನ ಮೇಲಿಂದ ಟ್ಯೂಬನ್ನು ಬಟ್ಟೆ ಹಿಡಿಯದೆ ಬರಿಗೈಯಲ್ಲೇ ಎತ್ತುತ್ತಿದ್ದೆ. "ಮಾಷ್ಟ್ರ ಕೈ ಕಬ್ಣ ಮಾರಾಯ್ರೆ" ಎಂದು ಜನ ಹೇಳಿದರೆ ಎದೆ ಉಬ್ಬಿಸುತ್ತಿದ್ದೆ. ಬೆರಳಿಗೆ ಬೊಬ್ಬೆ ಎದ್ದರೆ ಅದು ದುಡಿಯುವವನ ಕೈ ಅಂದುಕೊಂಡೆ. ಮುಂಗೈ ಮೇಲೆ ಬೆಳ್ಳಗಿನ ಒಂದು ಕಲೆ ಇತ್ತು, ಚಿಬ್ಬು ಅಂದುಕೊಂಡೆ. ಹಾಗೇ ಆ ದಿನವೂ ಕ್ರಮ ತಪ್ಪಿಸದೆ ಟಯರಿನ ಒಳಗೆ ಸುತ್ತ ಕೈ ಆಡಿಸಿದೆ. ಏನೂ ಸಿಗಲಿಲ್ಲ. "ಮುಳ್ಳ್ ಬಿದ್ ಹೋಯ್ತ್ ಕಾಂತ್" ಅಂದೆ, ಟ್ಯೂಬ್ ಕೂರಿಸಿ ಗಾಳಿ ಹೊಡೆದು ಕಳಿಸಿದೆ.

ಮಾರನೇ ಬೆಳಿಗ್ಗೆ ಹಟ್ಟಿಯಂಗಡಿ ರಸ್ತೆಯ ತಿರುವಿನಲ್ಲಿ ಆ ಚಕ್ರದ ಗಾಳಿ ಒಮ್ಮೆಗೇ ಹೋಯಿತು. ಮೀನಿನ ಭಾರಕ್ಕೆ ಬೈಕಿನ ಹಿಂಭಾಗ ಪಕ್ಕಕ್ಕೆ ಎಳೆದು, ಬಾಬಣ್ಣ ಬಲಗೈ ಊರಿ ಬಿದ್ದರು. ಮಣಿಕಟ್ಟು ಪುಡಿಯಾಯಿತು.

ನಾನು ಆಸ್ಪತ್ರೆಗೆ ಓಡಿದೆ. ಮಂಚದ ಮೇಲೆ ಅವರು, ಕೆಳಗೆ ಚಾಪೆಯ ಮೇಲೆ ಅವರ ಹೆಂಡತಿ ಜಲಜಕ್ಕ. ಅಯ್ಯೋ ಪಾಪ ಎನ್ನಬೇಕಾದ ಜಾಗದಲ್ಲಿ ನನ್ನ ಬಾಯಿಂದ ಬಂದದ್ದು ಪಾಠವೇ. "ಟಯರ್ ಬೋಳಾಯ್ತ್ ಅಂದೇಳಿ ನಾ ಬೊಬ್ಬೆ ಹೊಡೆದದ್ದ್ ಸುಮ್ನೆಯಾ?" ಎಂದೆ. ಬಾಬಣ್ಣ ತಲೆ ತಗ್ಗಿಸಿದರು. ಜಲಜಕ್ಕ ನನ್ನನ್ನು ನೋಡಿದರು, ಆಮೇಲೆ ಗಂಡನನ್ನು ನೋಡಿದರು. ಆ ಎರಡನೆಯ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ ನನ್ನ ಬುದ್ಧಿ. ಟೆಂಪೋದಲ್ಲಿ ಅಂಗಡಿಗೆ ಬಂದ ಬೈಕಿನಿಂದ ಆ ಟಯರ್ ಬಿಚ್ಚಿ, ಮತ್ತೊಮ್ಮೆ ಒಳಗೆ ಕೈ ಆಡಿಸಿ, ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಅಂಗಡಿಯ ಮುಂದೆ ಮೊಳೆಗೆ ತೂಗುಹಾಕಿದೆ. ಬಂದವರಿಗೆಲ್ಲ ತೋರಿಸಿದೆ. "ಕಾಣಿ, ಬಾಬಣ್ಣನ ಕೈ ಮುರ್ದ ಟಯರ್ ಇದೇ." ಅದನ್ನು ಕಂಡು ಎಷ್ಟೋ ಜನ ಟಯರ್ ಬದಲಾಯಿಸಿಕೊಂಡರು. ನನಗೆ ಅದೂ ಹೆಮ್ಮೆ.

ಮಳೆಗಾಲದಲ್ಲಿ ಹಳೇ ಟಯರುಗಳಲ್ಲಿ ನೀರು ನಿಂತು ಸೊಳ್ಳೆಯಾಗುತ್ತದೆ. ನನ್ನ ಹೆಂಡತಿ ಗಿರಿಜ ಆಗಾಗ ಬಂದು ನೀರು ಚೆಲ್ಲುತ್ತಾಳೆ. ಒಂದು ಬೆಳಿಗ್ಗೆ ಹಾಗೆ ತೂಗುಹಾಕಿದ ಟಯರಿನೊಳಗೆ ಕೈ ಹಾಕಿ ಕೊಳೆತ ಎಲೆ ಬಾಚುತ್ತಿದ್ದವಳು "ಅಮ್ಮಾ!" ಎಂದು ಕೈ ಎಳೆದಳು. ಬೆರಳಿನಲ್ಲಿ ನೆತ್ತರು.

"ಎಂತದೋ ಚುಚ್ಚ್ತ್ ಹ್ವಾಯ್."

"ಅದ್ರಗ್ ಎಂತದೂ ಇಲ್ಲೆ ಹೆಣೆ, ನಾನೇ ಎರಡ್ ಸಲ ಕೈ ಹಾಕಿ ಕಂಡಿದೆ" ಎಂದು ರೇಗಿದೆ. ಎದ್ದು ಬಂದು, ಅವಳಿಗೆ ತೋರಿಸುವುದಕ್ಕೆಂದೇ ಒಳಗೆ ಕೈ ಹಾಕಿ ಗರಗರ ಸುತ್ತಿಸಿದೆ. "ಎಲ್ಲಿತ್ತ್? ತೋರ್ಸ್ ಕಾಂಬ."

ಗಿರಿಜ ಟಯರನ್ನು ನೋಡುತ್ತಿರಲಿಲ್ಲ. "ಹ್ವಾಯ್, ನಿಮ್ ಕೈ ಕಾಣಿ" ಅಂದಳು.

ನನ್ನ ಮೂರು ಬೆರಳು ಸೀಳಿ ನೆತ್ತರು ಅಂಗೈಗೆ ಇಳಿಯುತ್ತಿತ್ತು. ನನಗೆ ಒಂದು ಇರುವೆ ಹರಿದಷ್ಟೂ ಗೊತ್ತಾಗಿರಲಿಲ್ಲ.

ಟಯರನ್ನು ಬೆಳಕಿಗೆ ಹಿಡಿದು ಬಗ್ಗಿಸಿ ನೋಡಿದೆವು. ಬಂದರಿನಲ್ಲಿ ಬೋಟಿನವರು ಬಳಸುವ ಉಕ್ಕಿನ ಹಗ್ಗದ ಒಂದು ಎಳೆ, ಕೂದಲಿನಷ್ಟು ತೆಳು, ರಬ್ಬರಿನೊಳಗೆ ಓರೆಯಾಗಿ ಕೂತಿತ್ತು. ಭಾರ ಬಿದ್ದರೆ ಪೂರ್ತಿ ತಲೆ ಎತ್ತುವುದು, ಇಲ್ಲದಿದ್ದರೆ ತುದಿಯಷ್ಟೇ ಹೊರಗೆ. ಮೊದಲ ದಿನ ಚುಚ್ಚಿದ್ದೂ ಅದೇ, ಎರಡನೇ ದಿನ ಟ್ಯೂಬ್ ಸೀಳಿದ್ದೂ ಅದೇ. ಗಿರಿಜಳ ಬೆರಳಿಗೆ ಒಂದೇ ಸಲಕ್ಕೆ ಸಿಕ್ಕಿದ್ದು ನನ್ನ ಬೆರಳಿಗೆ ಮೂರು ಸಲವೂ ಸಿಕ್ಕಿರಲಿಲ್ಲ. ನಾನು ಟಯರನ್ನು ಮೊಳೆಯಿಂದ ಇಳಿಸಿ ಮನೆಯ ಹಿಂದೆ, ಕಟ್ಟಿಗೆಯ ಅಡಿಯಲ್ಲಿ ಇಟ್ಟೆ.

ಗಿರಿಜ ಹಟ ಹಿಡಿದು ಕರೆದುಕೊಂಡು ಹೋದ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದು ನೆನಪಿದೆ. ಬಂದದ್ದು ಚರ್ಮರೋಗದ ಡಾಕ್ಟ್ರ ಹತ್ತಿರ ಎಂದು ಯಾರಿಗೂ ಗೊತ್ತಾಗದ ಹಾಗೆ ಎರಡು ಬಾಗಿಲುಗಳ ನಡುವೆ ಕೂತಿದ್ದೆ. ಆದರೂ ಒಬ್ಬ ಗಿರಾಕಿ ಕಂಡುಬಿಟ್ಟ. "ಹ್ವಾಯ್ ಮಾಷ್ಟ್ರೆ, ನೀವ್ ಎಂತ ಇಲ್ಲ್?" ಸೊಂಟ ನೋವು ಅಂದೆ. "ಬಗ್ಗಿ ಬಗ್ಗಿ ಕೆಲ್ಸ ಅಲ್ದಾ, ನೀವ್ ಸಲ್ಪ ಗಾಳಿ ಕಮ್ಮಿ ಮಾಡ್ಕಣಿ" ಎಂದು ನಗಾಡಿ ಹೋದ.

ಡಾಕ್ಟ್ರು ಘಟ್ಟದ ಮೇಲಿನ ಹೆಂಗಸು, ಚಿಕ್ಕ ಪ್ರಾಯ. ಮೊಣಕೈ ಹಿಂದಿನ ನರವನ್ನು ಒತ್ತಿ ನೋಡಿದರು. ಅದು ಕ್ಲಚ್ ಕೇಬಲ್ಲಿನಷ್ಟು ದಪ್ಪವಾಗಿ ಗಿರಿಜಳ ಬೆರಳಿಗೂ ಸಿಕ್ಕಿತು. ಆಮೇಲೆ, "ಕಣ್ಣು ಮುಚ್ಚಿ. ನಾನು ಹತ್ತಿಯಲ್ಲಿ ಮುಟ್ಟಿದ ಕೂಡಲೇ ಆ ಜಾಗ ತೋರಿಸಿ" ಅಂದರು. ಕಣ್ಣು ಮುಚ್ಚಿ ಕೂತೆ. ಕಾದೆ. ಇವರು ಯಾಕೆ ಶುರು ಮಾಡುತ್ತಿಲ್ಲ ಎಂದು ಸಿಟ್ಟು ಬಂತು.

"ಶುರು ಮಾಡಿ ಡಾಕ್ಟ್ರೆ."

"ಮುಗಿಯಿತು. ಕಣ್ಣು ಬಿಡಿ."

ಅವರು ರೋಗದ ಹೆಸರು ಹೇಳಿದರು. ಮದ್ದು ಇದೆ, ಪೂರ್ತಿ ಗುಣವಾಗುತ್ತದೆ, ಮನೆಯಲ್ಲೇ ಇರಬಹುದು, ಎಲ್ಲರ ಜೊತೆ ಉಣ್ಣಬಹುದು ಎಂದೂ ಹೇಳಿದರು. ನನಗೆ ಹೆಸರಷ್ಟೇ ಕೇಳಿಸಿತು. ಗಿರಿಜಳಿಗೆ ಅದೂ ಕೇಳಿಸಲಿಲ್ಲವೋ ಏನೋ, ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ತಲ್ಲೂರಿನಲ್ಲಿ ಇಳಿದ ಮೇಲೆ ಕೇಳಿದ್ದು ಒಂದೇ.

"ಅಶ್ವಿನಿಗೂ ಬತ್ತಾ?"

ಅಶ್ವಿನಿ ನಮ್ಮ ಮಗಳು, ಆಗ ಎರಡನೇ ಕ್ಲಾಸು. ಕೈತುತ್ತು ಹಾಕಿದರೆ ಮಾತ್ರ ಉಣ್ಣುವ ಹಟ. ರಾತ್ರಿಯ ಕೈತುತ್ತು ನನ್ನದೇ ಪಾಳಿ. ಇದೇ ಕೈ. ಡಾಕ್ಟ್ರು ಹೇಳಿದ್ದರು, ಮನೆಯವರನ್ನೂ ಕರೆದುಕೊಂಡು ಬನ್ನಿ, ನೋಡಬೇಕು ಎಂದು. ಮತ್ತೆ ಆಸ್ಪತ್ರೆಗೆ ಹೋಗುವವರೆಗೆ ನಾನು ಅವಳನ್ನು ಮುಟ್ಟಲಿಲ್ಲ. "ಅಪ್ಪಯ್ಯಂಗೆ ನನ್ ಮೇಲ್ ಸಿಟ್ಟಾ?" ಎಂದು ಅವಳು ಗಿರಿಜಳಲ್ಲಿ ಕೇಳುವುದು ಒಳಗಿನಿಂದ ಕೇಳಿಸಿತು. ಹೆಗಲ ಮೇಲಿನ ಬೈರಾಸು ಬಾಯಿಗೆ ತುರುಕಿಕೊಂಡು ಅತ್ತೆ.

ಆಸ್ಪತ್ರೆಯಲ್ಲಿ ಡಾಕ್ಟ್ರು ಮಗಳ ಕಣ್ಣು ಮುಚ್ಚಿಸಿ ಹತ್ತಿ ಆಡಿಸಿದರು. ಕೈ ಮೇಲೆ ಆಡಿಸಿದರೆ ಕಿಸಕ್ಕೆಂದಳು. ಕಾಲಿಗೆ ತಾಗಿಸಿದರೆ, "ಕಚಗುಳಿ ಆತ್ ಡಾಕ್ಟ್ರೆ!" ಎಂದು ಬೆಂಚಿನ ಮೇಲೆ ಹೊರಳಾಡಿದಳು. ಬೆನ್ನಿಗೆ ಮುಟ್ಟುವ ಮೊದಲೇ ನಗು. ಅವಳು ಒಂದೊಂದು ಸಲ ನಕ್ಕಾಗಲೂ ನನ್ನ ಜೀವ ಒಂದೊಂದು ಹಿಡಿ ವಾಪಾಸು ಬಂದಂತಾಯಿತು. ಗಿರಿಜಳಿಗೂ ಏನೂ ಇರಲಿಲ್ಲ. ದೇವರು ದೊಡ್ಡವನು ಅನ್ನುವ ಮಾತು ನಾನು ಅಷ್ಟಾಗಿ ಆಡುವವನಲ್ಲ, ಆ ದಿನ ಆಡಿದೆ.

ಮನೆಗೆ ಬಂದು ನನ್ನ ಬಟ್ಟಲು, ಲೋಟ ಬೇರೆ ಇಟ್ಟುಕೊಂಡೆ. ಗಿರಿಜ ಅದನ್ನು ತೊಳೆದು ಉಳಿದವುಗಳ ನಡುವೆ ಕವುಚಿ ಇಟ್ಟಳು. ಮರುದಿನ ಮತ್ತೆ ಬೇರೆ ಇಟ್ಟೆ. ಮತ್ತೆ ಸೇರಿಸಿದಳು. ಮೂರನೇ ಸಲ, "ಡಾಕ್ಟ್ರಿಗಿಂತ ನಿಮ್ಗ್ ಜಾಸ್ತಿ ಗೊತ್ತಿತ್ತಾ? ಟಯರಿನ್ ಮಾಷ್ಟ್ರತ್ವ ಅಂಗ್ಡಿಯಗ್ ಇರ್ಲಿ, ಅಡ್ಗೆಮನೆಗ್ ಬಪ್ದ್ ಬೇಡ" ಅಂದಳು. ಆಮೇಲೆ ನನ್ನ ಬಟ್ಟಲು ಯಾವುದು ಎಂದು ನನಗೇ ಗೊತ್ತಾಗದ ಹಾಗಾಯಿತು.

ಒಂದು ವರ್ಷದ ಮದ್ದು. ತಿಂಗಳಿಗೊಮ್ಮೆ ಹೋಗಿ, ಆ ತಿಂಗಳ ಮೊದಲ ಗುಳಿಗೆಗಳನ್ನು ಅವರ ಎದುರೇ ನುಂಗಿ, ಉಳಿದದ್ದನ್ನು ಚೀಲದಲ್ಲಿ ಹಾಕಿಕೊಂಡು ಬರಬೇಕು. ಮೊದಲ ದಿನ ಮೂತ್ರ ಕೆಂಪಾಗಿ ಹೋದಾಗ ಸತ್ತೇ ಹೋದೆ ಅಂದುಕೊಂಡೆ. ಮೊದಲೇ ಹೇಳಿದ್ದರು, ನಾನೇ ಕಿವಿ ಕೊಟ್ಟಿರಲಿಲ್ಲ. ಅದೇ ಮದ್ದಿಗೆ ಮೈಬಣ್ಣ ಕಪ್ಪಾಗುತ್ತ ಬಂತು. "ಎಂತ ಮಾಷ್ಟ್ರೆ, ನಿಮ್ಮ ಟಯರಿನ್ ಬಣ್ಣ ನಿಮ್ಗೇ ಹತ್ತ್ತಾ?" ಎಂದು ಗಿರಾಕಿಗಳು ತಮಾಷೆ ಮಾಡಿದರು, ನಾನೂ ನಕ್ಕೆ. ಗುಳಿಗೆಗಳನ್ನು ಗಿರಿಜ ಅಕ್ಕಿ ಡಬ್ಬಿಯೊಳಗೆ ಅಡಗಿಸಿಡುತ್ತಿದ್ದಳು. ಕೇಳಿದವರಿಗೆ ನರದ ತೊಂದರೆ ಎಂದು ಹೇಳುತ್ತಿದ್ದೆವು. ಅದು ಸುಳ್ಳೂ ಅಲ್ಲ.

ಅಂದಿನಿಂದ ಅಂಗಡಿಯಲ್ಲಿ ನಾನು ಬಿಚ್ಚಿದ ಟಯರಿಗೆಲ್ಲ ಕೊನೆಗೆ ಗಿರಿಜ ಬಂದು ಕೈ ಆಡಿಸಿದ ಮೇಲೆಯೇ ಟ್ಯೂಬ್. ಅವಳು ಅಡಿಗೆ ಅರ್ಧಕ್ಕೆ ಬಿಟ್ಟು ಬರುವುದು ಕಂಡು ಜನ, "ಮಾಷ್ಟ್ರಿಗೂ ಒಬ್ರ್ ಹೆಡ್‌ಮಾಷ್ಟ್ರ್ ಬಂದ್ರ್" ಎನ್ನುತ್ತಿದ್ದರು. ನಗಲಿ, ಅಡ್ಡಿಯಿಲ್ಲ. ನನಗೆ ತಡೆಯಲಾಗದ್ದು ಬಾಬಣ್ಣ.

ಅವರ ಬಲಗೈ ಕೂಡಿತು, ಆದರೆ ಮಣಿಕಟ್ಟು ತಿರುಗದು. ಬಲಗೈ ತಿರುಗದವರಿಗೆ ಬೈಕಿನ ಆಕ್ಸಿಲೇಟರ್ ಕೊಡಲು ಆಗುವುದಿಲ್ಲ. ಮೀನಿನ ಬುಟ್ಟಿಯನ್ನು ಜಲಜಕ್ಕ ತಲೆಯ ಮೇಲೆ ಹೊತ್ತು ಬಸ್ಸಿನಲ್ಲಿ ಹೋಗತೊಡಗಿದರು. ಬಾಬಣ್ಣ ಹೊತ್ತು ಹೋಗದೆ ನನ್ನ ಅಂಗಡಿಯ ಬೆಂಚಿಗೆ ಬಂದು ಕೂರುವರು. ಬಂದ ಗಿರಾಕಿಗಳಿಗೆ ಅವರೇ ನನ್ನ ಪರವಾಗಿ ಪಾಠ ಮಾಡುವರು. "ಚಂದ್ರಣ್ಣ ಹತ್ತ್ ಸಲ ಹೇಳಿರ್, ನಾ ಕೇಣ್ಲಿಲ್ಲೆ. ಈಗ ಈ ಕೈ ಕಾಣಿ. ಹೊಸ ಟಯರ್ ಹಾಕ್ಸ್ಕಣಿ ಮಾರಾಯ್ರೆ, ಅವ್ರ್ ಸುಮ್ನೆ ಹೇಳುವವ್ರಲ್ಲ." ಹೇಳಿ ಆ ತಿರುಗದ ಕೈಯನ್ನು ಎತ್ತಿ ತೋರಿಸುವರು. ನಾನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತ ಇರುವವನಂತೆ ತಲೆ ಬಗ್ಗಿಸಿಕೊಳ್ಳುತ್ತಿದ್ದೆ.

ತಂತಿ ಇತ್ತು ಅಂದರೆ, ಮತ್ತೆ ಯಾಕೆ ಸಿಗಲಿಲ್ಲ ಎನ್ನುತ್ತಾರೆ. ಕೈಗೆ ಗೊತ್ತಾಗಲಿಲ್ಲ ಅಂದರೆ, ಯಾಕೆ ಗೊತ್ತಾಗಲಿಲ್ಲ ಎನ್ನುತ್ತಾರೆ. ಅದರಾಚೆ ಹೇಳಬೇಕಾದ ಒಂದು ಹೆಸರಿಗೆ ಹೆದರಿ ನಾನು ಬಾಯಿ ಮುಚ್ಚಿದೆ. ಅಂಗಡಿ ಹೋಗುತ್ತದೆ, ಶಾಲೆಯಲ್ಲಿ ಅಶ್ವಿನಿಯ ಪಕ್ಕ ಯಾರೂ ಕೂರುವುದಿಲ್ಲ, ಹೀಗೆಲ್ಲ ಎಣಿಸಿದೆ. ಆ ಹೆದರಿಕೆ ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಬಾಬಣ್ಣನಿಗೆ ಇದರಿಂದ ಏನು ನಷ್ಟ, ಕೈ ಅಂತೂ ಹೋಗಿದೆ, ಕಾರಣ ಯಾವುದಾದರೇನು ಎಂದು ನನಗೆ ನಾನೇ ಹೇಳಿಕೊಂಡೆನಲ್ಲ, ಅದು ಶುದ್ಧ ಸುಳ್ಳು.

ಕೊನೆಯ ಗುಳಿಗೆ ಮುಗಿಯಿತು. "ರೋಗ ಹೋಯಿತು. ಸತ್ತ ನರ ಅಷ್ಟು ಸುಲಭಕ್ಕೆ ಬರುವುದಿಲ್ಲ. ಬಿಸಿ, ಹರಿತ ಇದ್ದಲ್ಲಿ ಕೈಯನ್ನು ನಂಬಬೇಡಿ, ಕಣ್ಣನ್ನು ನಂಬಿ" ಎಂದು ಡಾಕ್ಟ್ರು ಹೇಳಿ ಕಳಿಸಿದರು. ಅಂಗಡಿಗೆ ಬಂದರೆ ಬೆಂಚಿನ ಮೇಲೆ ಬಾಬಣ್ಣ ಒಬ್ಬರೇ. ನಾನು ಕಟ್ಟಿಗೆಯ ಅಡಿಯಿಂದ ಆ ಟಯರ್ ಎಳೆದು ತಂದು ಅವರ ಎದುರು ಬಗ್ಗಿಸಿ ಹಿಡಿದೆ. ತಂತಿ ಇನ್ನೂ ಅಲ್ಲೇ ಇತ್ತು, ತುಕ್ಕು ಹಿಡಿದು. ಹೇಳಿದೆ. ರೋಗದ ಹೆಸರನ್ನೂ ಬಾಯಿಬಿಟ್ಟು ಹೇಳಿದೆ.

ಅವರು ಎಡಗೈ ಬೆರಳಿನಿಂದ ತಂತಿಯ ತುದಿ ಮುಟ್ಟಿ ನೋಡಿದರು. "ಹಾಂಗಾರೆ ನಾ ಬಿದ್ದದ್ ಬೋಳ್ ಟಯರಿಂದ ಅಲ್ದಾ?"

"ಟಯರ್ ಬೋಳ್ ಹೌದ್. ಆರೆ ಬಿದ್ದದ್ ಅದ್ರಿಂದ ಅಲ್ಲ, ನನ್ ಕೈಯಿಂದ."

ಬೈಯಬಹುದು, ಎದ್ದು ಹೋಗಬಹುದು ಎಂದು ಕಾದೆ. ಅವರು ಎದ್ದರು ಹೌದು. "ಚಂದ್ರಣ್ಣ, ಇದ್ ನಂಗ್ ಹೇಳ್ರೆ ಎಂತ ಆತ್? ಮನಿಗ್ ಬಂದ್ ಅವ್ಳಿಗ್ ಹೇಳಿ. ಒಂದ್ ವರ್ಷ ಆಯ್ತ್, ಅವ್ಳ್ ಬೈಗ್ಳ ಕೇಂಡ್ ಕೇಂಡ್ ನನ್ ಕಿಮಿ ತೂತಾಯ್ತ್" ಅಂದರು. ಮಾತಿನಲ್ಲಿ ತಮಾಷೆಯಿತ್ತು, ಮುಖದಲ್ಲಿ ಇರಲಿಲ್ಲ.

ಹೆಮ್ಮಾಡಿಯ ಅವರ ಅಂಗಳದಲ್ಲಿ ಜಲಜಕ್ಕ ಆಗಷ್ಟೇ ಬುಟ್ಟಿ ಇಳಿಸಿ, ತಲೆಯ ಸಿಂಬಿ ತೆಗೆದು ಕುತ್ತಿಗೆ ಒತ್ತಿಕೊಳ್ಳುತ್ತಿದ್ದರು. ನಾನು ನಿಂತೇ ಹೇಳಿದೆ. ಮೊದಲಿಂದ ಕೊನೆಯವರೆಗೆ. ಬೈದರು, ಬೈಯದೆ ಇರುತ್ತಾರೆಯೇ. "ಆಸ್ಪತ್ರೆಗ್ ಬಂದ್ ನನ್ನೆದ್ರ್ ಹೇಳಿದ್ರಿ ಅಲ್ದಾ, ಬೋಳ್ ಟಯರ್ ಅಂದೇಳಿ? ಆ ಬಾಯಗೇ ಇದನ್ನೂ ಹೇಳುಕಾಗಿಲ್ಯಾ?" ಎಂದು ಬೊಬ್ಬೆ ಹೊಡೆದರು. ನನಗೆ ಅದು ಹಿತವಾಗಿಯೇ ಇತ್ತು. ಅಷ್ಟು ದಿನಕ್ಕೆ ನನಗೆ ಸಲ್ಲಬೇಕಾದ ಮಾತು ಆಡಿದವರು ಅವರೊಬ್ಬರೇ.

ಆದರೆ ಬೈಯುತ್ತ ಬೈಯುತ್ತ ಅವರ ಸ್ವರ ಒಡೆಯಿತು. ಗಂಡನ ಕಡೆ ತಿರುಗಿ, ಆ ತಿರುಗದ ಕೈಯನ್ನು ನೋಡಿ, ಜಗಲಿಯ ಮೇಲೆ ಕುಸಿದು ಕೂತರು.

"ಅನ್ನ ಬಡ್ಸುವತ್ತಿಗೆಲ್ಲ ಬೈದಿದೆ ಮಾರಾಯ್ರೆ ನಾ ಇವ್ರಿಗೆ. ಒಂದ್ ಟಯರ್ ಹಾಕ್ಸುಕಾಗ್ದೆ ನನ್ ತಲಿ ಮೇಲ್ ಬುಟ್ಟಿ ಹೊರ್ಸ್ದ್ರಿ ಅಂದಿದೆ. ಒಂದ್ ದಿನವೂ ಎದುರ್ ಮಾತಾಡ್ಲಿಲ್ಲೆ ಅವ್ರ್. ಕೈ ಮುರ್ದ್ ಕೂಕಂಡವ್ರಿಗ್ ಬೈದ ಈ ಬಾಯನ್ನ ನಾ ಎಲ್ಲ್ ಹೋಯ್ ತೊಳ್ಕಣ್ಲಿ?"

ಅದು ನಾನು ಎಣಿಸದ ಲೆಕ್ಕ. ಆಸ್ಪತ್ರೆಯಲ್ಲಿ ಅವರು ಗಂಡನನ್ನು ನೋಡಿದ ಆ ಎರಡನೆಯ ನೋಟ ಅಲ್ಲಿಂದ ಇಲ್ಲಿಯವರೆಗೆ ಬೆಳೆದಿತ್ತು. ನನ್ನ ಕೈಯಿಂದ ಮುರಿದದ್ದು ಬಾಬಣ್ಣನ ಮಣಿಕಟ್ಟು. ನನ್ನ ಬಾಯಿಂದ ಈ ಮನೆಯೊಳಗೆ ಆದದ್ದಕ್ಕೆ ಯಾವ ರೋಗವೂ ಕಾರಣವಲ್ಲ. ಕುಷ್ಠಕ್ಕೆ ಒಂದು ವರ್ಷದಲ್ಲಿ ಮದ್ದು ಮುಗಿಯಿತು. ಇದಕ್ಕೆ ನಾನು ಏನು ನುಂಗಲಿ?

ಬಾಬಣ್ಣ ಹೆಂಡತಿಯ ಪಕ್ಕದಲ್ಲಿ ಹೋಗಿ ಕೂತು, "ಇರ್ಲಿ ಬಿಡ್ ಹೆಣೆ, ಟಯರ್ ಬೋಳ್ ಇದ್ದದ್ದಂತೂ ಹೌದೇ ಅಲ್ದಾ" ಎಂದರು. ನಾನು ಹೊರಟೆ.

"ಎಲ್ಲ್ ಹೋತ್ರಿ, ಕೂಕಣಿ" ಎಂದರು ಜಲಜಕ್ಕ ಕಣ್ಣೊರೆಸಿಕೊಂಡು. ಒಳಗೆ ಹೋಗಿ ಚಾ ತಂದರು. ಎಲ್ಲರಿಗೂ ಒಂದೇ ಥರದ ಸ್ಟೀಲಿನ ಲೋಟ. ನಾನು ಕೈ ಚಾಚಿ ಹಿಡಿದುಕೊಂಡೆ.

"ಅಯ್ಯೋ, ಬಿಸಿ ಇತ್ತ್! ಕೆಳಗಿಡಿ, ಕೆಳಗಿಡಿ!" ಎಂದು ಅವರೇ ನನ್ನ ಕೈಯಿಂದ ಲೋಟ ಕಿತ್ತುಕೊಂಡರು. ಹಗ್ಗದ ಮೇಲಿದ್ದ ಬೈರಾಸು ಎಳೆದು, ಮಡಚಿ, ಲೋಟಕ್ಕೆ ಸುತ್ತಿ, ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಕೂರಿಸಿದರು. "ಈಗ್ ಹಿಡ್ಕಣಿ. ಊದಿ ಊದಿ ಕುಡಿನಿ."

ಅವರು ನನ್ನನ್ನು ಅಂಗಳದಿಂದ ಓಡಿಸಿದ್ದರೆ ಆ ರಾತ್ರಿ ನನಗೆ ನಿದ್ದೆ ಬರುತ್ತಿತ್ತು.